ಕೋಡ್ 7ರ ಅರ್ಥ ಗೊತ್ತಿದ್ದದ್ದು ಒಬ್ಬರಿಗೇ

ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ? ಯಾವುದೇ ವಿಶ್ವವಿದ್ಯಾಲಯದಲ್ಲಿ ಇದನ್ನು ಕೇಳಿ ನೋಡಿ. ಪ್ರವೇಶ ವಿಭಾಗ ಒಂದು ಸಂಖ್ಯೆ ಹೇಳುತ್ತದೆ, ಹಣಕಾಸು ವಿಭಾಗ ಇನ್ನೊಂದು, ಪರೀಕ್ಷಾ ವಿಭಾಗ ಮತ್ತೊಂದು. ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಸೀಟು ಪಡೆದವರನ್ನು ಎಣಿಸಿದ್ದಾರೆ, ಒಬ್ಬರು ಶುಲ್ಕ ಕಟ್ಟಿದವರನ್ನು, ಇನ್ನೊಬ್ಬರು ಪರೀಕ್ಷೆಗೆ ಹೆಸರು ಕೊಟ್ಟವರನ್ನು. ಯಾವ ಕೆಲಸಕ್ಕೆ ಯಾವ ಲೆಕ್ಕ ಸರಿ ಅಂತ ಹೇಳುವುದು ನನ್ನಂಥವರ ಕೆಲಸ. ಇದಕ್ಕೆ ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಅನ್ನುತ್ತಾರೆ. ಯಾರು ಸೇರಿದರು, ಯಾರು ಮುಗಿಸಿದರು, ಯಾರು ನಡುವೆಯೇ ಬಿಟ್ಟರು, ಯಾಕೆ ಬಿಟ್ಟರು ಅಂತ ಸಂಸ್ಥೆ ತನ್ನನ್ನೇ ತಾನು ಓದಿಕೊಳ್ಳುವ ಕೆಲಸ ಇದು.

ನಾನಿದ್ದ ಒಂದು ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನಿವೃತ್ತರಾದರು. ಮುಂದಿನ ತಿಂಗಳು ವಾರ್ಷಿಕ ವರದಿಗೆ ನಾನು ಕೂತೆ. ವಿದ್ಯಾರ್ಥಿಯ ಸ್ಥಿತಿ ತೋರಿಸುವ ಕಾಲಂನಲ್ಲಿ 1 ಅಂದರೆ ಓದುತ್ತಿರುವವರು, 2 ಮುಗಿಸಿದವರು, 3 ಬಿಟ್ಟವರು. ಅಲ್ಲಲ್ಲಿ 7 ಅಂತಲೂ ಇತ್ತು. ಅದರ ಅರ್ಥ ಎಲ್ಲೂ ಬರೆದಿರಲಿಲ್ಲ. ಅವರಿಗೇ ಫೋನ್ ಮಾಡಿದೆ.

"ಮೇಡಂ, ಈ 7 ಅಂದ್ರೆ ಏನು?"

"ಓ ಅದಾ! ಆರೋಗ್ಯ ಸರಿಯಿಲ್ಲ ಅಂತ ರಜೆ ಪಡೆದವರು. ಅವರನ್ನ ಬಿಟ್ಟವರ ಲೆಕ್ಕಕ್ಕೆ ಸೇರಿಸಬೇಡಿ. ಆದ್ರೆ ಎರಡು ವರ್ಷ ದಾಟಿದ್ರೆ 3 ಅಂತ ಮಾಡ್ಬೇಕು. ಅದನ್ನ ಪ್ರತಿ ವರ್ಷ ನಾನೇ ಕೂತು ಬದಲಾಯಿಸ್ತಿದ್ದೆ."

ಎಷ್ಟು ಮಂದಿ ಓದು ಬಿಟ್ಟರು ಅಂತ ಸಂಸ್ಥೆ ಹೊರಗೆ ಹೇಳುತ್ತಿದ್ದ ಲೆಕ್ಕ ಅಷ್ಟು ವರ್ಷ ಒಬ್ಬರ ನೆನಪಿನ ಮೇಲೆ ನಿಂತಿತ್ತು. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಬರೆದಿಡಲು ಅವರಿಗೆ ಯಾರೂ ಸಮಯ ಕೊಟ್ಟಿರಲಿಲ್ಲ, ಅಷ್ಟೇ.

ಹುದ್ದೆ ಖಾಲಿಯಾದಾಗ ಜಾಹೀರಾತಿನಲ್ಲಿ ಸಾಫ್ಟ್‌ವೇರ್ ಹೆಸರುಗಳೇ ತುಂಬಿರುತ್ತವೆ. ಪ್ಯಾಟ್ರಿಕ್ ಟೆರೆನ್ಜೀನಿ ಅನ್ನುವ ವಿದ್ವಾಂಸರು 1993ರಲ್ಲೇ ಈ ಕೆಲಸಕ್ಕೆ ಮೂರು ಬಗೆಯ ತಿಳಿವಳಿಕೆ ಬೇಕು ಅಂದಿದ್ದರು: ಲೆಕ್ಕ ಮತ್ತು ವಿಶ್ಲೇಷಣೆಯದ್ದು, ಸಂಸ್ಥೆ ಎದುರಿಸುವ ಸಮಸ್ಯೆಗಳದ್ದು, ಆ ಸಂಸ್ಥೆಯ ಸಂದರ್ಭದ್ದು. ಮೊದಲನೆಯದನ್ನು ತರಬೇತಿಯಲ್ಲಿ ಕಲಿಯಬಹುದು. ಮೂರನೆಯದು ಅಲ್ಲೇ ವರ್ಷಗಟ್ಟಲೆ ಇದ್ದರೆ ಮಾತ್ರ ಬರುತ್ತದೆ. ಆದರೆ ಮೊದಲನೆಯದು ಚೆನ್ನಾಗಿ ಬರುವ ಹುಡುಗ ಹುಡುಗಿಯರನ್ನು ಹೊರಗಿನ ಕಂಪನಿಗಳು ಜಾಸ್ತಿ ಸಂಬಳ ಕೊಟ್ಟು ಕರೆದುಕೊಳ್ಳುತ್ತವೆ. ಮೂರನೆಯದು ಕೈಗೆ ಹತ್ತುವ ಮೊದಲೇ ಅವರು ಹೊರಟಿರುತ್ತಾರೆ.

ಇನ್ನು ಲೆಕ್ಕದ ವಿಷಯ. ಯಾರನ್ನು ಎಣಿಸುತ್ತೇವೆ, ಯಾರನ್ನು ಬಿಡುತ್ತೇವೆ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ. ಅಮೆರಿಕದ ಸರ್ಕಾರ ಕಾಲೇಜುಗಳಿಂದ ಪಡೆಯುವ ಐಪೆಡ್ಸ್ ಮಾಹಿತಿಯನ್ನೇ ನೋಡಿ. ಅಲ್ಲಿ ಬಹಳ ಕಾಲ ಬಳಕೆಯಲ್ಲಿದ್ದ ಪದವಿ ಪ್ರಮಾಣದ ಲೆಕ್ಕಕ್ಕೆ ಮೊದಲ ಸಲ ಕಾಲೇಜು ಸೇರಿದ, ಪೂರ್ಣಾವಧಿ ಓದುವವರು ಮಾತ್ರ ಬರುತ್ತಾರೆ. 4 ವರ್ಷದ ಪದವಿಗೆ 6 ವರ್ಷದವರೆಗೆ ಅವಕಾಶ. ಬೇರೆ ಕಾಲೇಜಿನಿಂದ ಬಂದು ಇಲ್ಲಿ ಪದವಿ ಪಡೆದವರು ಆ ಲೆಕ್ಕದಲ್ಲೇ ಇಲ್ಲ. ಇಲ್ಲಿಂದ ಹೋಗಿ ಬೇರೆ ಕಡೆ ಮುಗಿಸಿದವರು ಇಲ್ಲಿ ಮುಗಿಸದವರೇ ಆಗುತ್ತಾರೆ. ಕೆಲಸ ಮಾಡಿಕೊಂಡು ಅರೆಕಾಲಿಕವಾಗಿ ಓದುವವರೂ ಇಲ್ಲ. ಇವರನ್ನೂ ಎಣಿಸುವ ಬೇರೆ ಸಮೀಕ್ಷೆ ಬಂದದ್ದು 2015-16ರಲ್ಲಿ.

ಮುಖ್ಯಸ್ಥರಿಗೆ ಇದನ್ನೆಲ್ಲ ಕೇಳುವ ವ್ಯವಧಾನ ಇರುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ "ನಾಳೆ ಬೆಳಿಗ್ಗೆ ಒಂದು ಸಂಖ್ಯೆ ಬೇಕು" ಅಂದಾಗ ನಾನು ತಪ್ಪದೆ ತಿರುಗಿ ಕೇಳುತ್ತೇನೆ: ಆ ಸಂಖ್ಯೆ ಬಂದ ಮೇಲೆ ಏನು ತೀರ್ಮಾನ ಮಾಡ್ತೀರಿ? ಒಮ್ಮೆ ಒಬ್ಬರು ಮೊದಲ ವರ್ಷದಲ್ಲಿ ಫೇಲಾದವರ ಪ್ರಮಾಣ ಕೇಳಿದರು. ಮಾತಾಡಿದಾಗ ಗೊತ್ತಾಯಿತು, ಹೆಚ್ಚುವರಿ ಪಾಠ ಯಾವ ವಿಷಯಕ್ಕೆ ಇಡಬೇಕು ಅನ್ನುವುದು ಅವರ ಯೋಚನೆ. ಹಾಗಾದರೆ ಫೇಲಾದವರ ಪಟ್ಟಿ ಬರುವಷ್ಟರಲ್ಲಿ ಕೆಲವರು ಓದನ್ನೇ ಬಿಟ್ಟಿರುತ್ತಾರೆ, ಅಲ್ವಾ? ಆರನೇ ವಾರದ ಹಾಜರಾತಿ, ಕಿರುಪರೀಕ್ಷೆಯ ಅಂಕ ತೆಗೆದುಕೊಟ್ಟೆ. ಆ ವರ್ಷ ಹೆಚ್ಚುವರಿ ಪಾಠ ಏಳನೇ ವಾರಕ್ಕೇ ಶುರುವಾಯಿತು.

ಸಂಖ್ಯೆ ಚೆನ್ನಾಗಿ ಕಾಣಬೇಕು ಅನ್ನುವ ಒತ್ತಡ ಬಂದಾಗ ಕಷ್ಟ ಇನ್ನೂ ಜಾಸ್ತಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯಗಳಿಗೆ ಸ್ಥಾನ ಕೊಡುವ ಯು.ಎಸ್. ನ್ಯೂಸ್ ಪಟ್ಟಿಗೆ ಕೊಟ್ಟಿದ್ದ ಅಂಕಿಗಳನ್ನು 2022ರಲ್ಲಿ ಅಲ್ಲಿಯದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್ ಪ್ರಶ್ನಿಸಿದರು. ತರಗತಿಯ ಗಾತ್ರದಂಥ ಕೆಲವು ಲೆಕ್ಕಗಳು ತಪ್ಪಿದ್ದವು ಅಂತ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. 2ನೇ ಸ್ಥಾನದಲ್ಲಿದ್ದದ್ದು 18ಕ್ಕೆ ಇಳಿಯಿತು. ಇಂಥ ಕಡೆ "ಈ ಲೆಕ್ಕಕ್ಕೆ ನಾನು ಸಹಿ ಹಾಕಲಾರೆ" ಅನ್ನುವ ಧೈರ್ಯ ನಮ್ಮ ಕೆಲಸದವರಿಗೆ ಬೇಕು. ಹಾಗಂದವರ ಬೆನ್ನಿಗೆ ಮುಖ್ಯಸ್ಥರು ನಿಲ್ಲಬೇಕು. ಇಲ್ಲದಿದ್ದರೆ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಡ್ಯಾಶ್‌ಬೋರ್ಡ್ ಎಷ್ಟು ದುಬಾರಿಯದಾದರೂ ಸುಮ್ನೆ.

ಕೋಡ್ 7ರ ನಂತರ ನಾವು ಒಂದು ಕಡತ ಶುರುಮಾಡಿದೆವು. ಪ್ರತಿ ಕೋಡ್‌ಗೆ ಅರ್ಥ, ಅದನ್ನು ಯಾರು ಯಾವಾಗ ತೀರ್ಮಾನಿಸಿದರು, ಯಾವ ವರದಿಯಲ್ಲಿ ಬಳಸುತ್ತೇವೆ ಅಂತ ಬರೆದಿಟ್ಟೆವು. ಪ್ರತಿ ವರದಿಯೂ ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು ಅಂತ ನಿಯಮ ಮಾಡಿಕೊಂಡೆವು. ಮೇಡಂ ಒಂದು ಮಧ್ಯಾಹ್ನ ಬಂದು ನಮ್ಮ ಜೊತೆ ಕೂತರು. ಆ ದಿನ ಇನ್ನೂ ಎರಡು ಕೋಡ್ ಸಿಕ್ಕವು, 8 ಮತ್ತು 9. 8 ಅಂದರೆ ಬೇರೆ ಕಾಲೇಜಿಗೆ ವರ್ಗವಾದವರು. 9 ಏನು ಅಂತ ಅವರಿಗೂ ನೆನಪಾಗಲಿಲ್ಲ. ಅವರಿಗಿಂತ ಮೊದಲು ಇದ್ದವರು ಹಾಕಿದ್ದು. ಆ ಕಡತದಲ್ಲಿ 9ರ ಮುಂದಿನ ಜಾಗ ಇನ್ನೂ ಖಾಲಿ ಇದೆ.