ಎಲ್ಬ್ರುಸ್ ತಪ್ಪಲಿನ ಬಯಲಿಗೆ ಹೆಸರು ಕೊಟ್ಟ ಸರ್ಬಿಯನ್ ಜನರಲ್

ಪ್ರಶ್ನೆ: ರಷ್ಯದ ಕಾಕಸಸ್ ಪರ್ವತಸಾಲಿನಲ್ಲಿರುವ ಎಲ್ಬ್ರುಸ್ ಶಿಖರವನ್ನು ಉತ್ತರ ದಿಕ್ಕಿನಿಂದ ಹತ್ತುವವರು ‘ಇಮ್ಯಾನುಯೆಲ್ ಬಯಲು’ ಎಂಬಲ್ಲಿ ಡೇರೆ ಹಾಕುತ್ತಾರೆ. ಯಾರು ಈ ಇಮ್ಯಾನುಯೆಲ್? ಶಿಖರವನ್ನು ಮೊದಲು ಹತ್ತಿದವನು ಅವನೇ?

ಅವನು ಹತ್ತಲಿಲ್ಲ. ಹತ್ತಿಸಿದ.

ಗಿಯೋರ್ಗಿ ಇಮ್ಯಾನುಯೆಲ್ ಹುಟ್ಟಿದ್ದು 1775ರಲ್ಲಿ, ವರ್ಷಾತ್ಸ್ ಎಂಬ ಊರಿನಲ್ಲಿ. ಇಂದು ಅದು ಸರ್ಬಿಯಾದಲ್ಲಿದೆ. ಆಗ ಆಸ್ಟ್ರಿಯಾದ ಹ್ಯಾಬ್ಸ್‌ಬರ್ಗ್ ಚಕ್ರವರ್ತಿಗಳ ಕೈಯಲ್ಲಿತ್ತು. ತುರ್ಕರ ಗಡಿ ಹತ್ತಿರವೇ ಇದ್ದುದರಿಂದ ಆ ಸೀಮೆಯ ಸರ್ಬರಿಗೆ ಸಿಪಾಯಿಗಿರಿ ಮನೆತನದ ಕಸುಬಿನಂತಾಗಿತ್ತು. ಇಮ್ಯಾನುಯೆಲ್ ಕೂಡ ಮೊದಲು ಆಸ್ಟ್ರಿಯಾದ ಸೇನೆ ಸೇರಿದ. 1797ರಲ್ಲಿ ರಷ್ಯಕ್ಕೆ ಹೋದ. ಅದೇನೂ ಹೊಸ ದಾರಿಯಲ್ಲ. 1750ರ ದಶಕದಲ್ಲೇ ಸಾವಿರಾರು ಸರ್ಬರು ಅಲ್ಲಿಗೆ ವಲಸೆ ಹೋಗಿ, ಈಗಿನ ಉಕ್ರೇನ್ ನೆಲದಲ್ಲಿ ‘ನವ ಸರ್ಬಿಯಾ’ ಎಂಬ ನೆಲೆಯನ್ನೇ ಕಟ್ಟಿಕೊಂಡಿದ್ದರು. ಕ್ಯಾಥೊಲಿಕ್ ಆಸ್ಟ್ರಿಯಾಕ್ಕಿಂತ ತಮ್ಮದೇ ಆರ್ಥಡಾಕ್ಸ್ ಪಂಥದ ರಷ್ಯ ಅವರಿಗೆ ಹತ್ತಿರದ್ದು ಅನಿಸುತ್ತಿತ್ತು.

ಅಲ್ಲಿ ಅವನು ಕುದುರೆ ಪಡೆಯಲ್ಲಿ ಮೇಲೇರುತ್ತಾ ಹೋದ. 1812ರಲ್ಲಿ ನೆಪೋಲಿಯನ್ ದಂಡೆತ್ತಿ ಬಂದಾಗ ಹೋರಾಡಿ ಗಾಯಗೊಂಡ. 1814ರಲ್ಲಿ ಪ್ಯಾರಿಸ್ ವರೆಗೂ ನಡೆದ ಸೇನೆಯಲ್ಲಿದ್ದ. 1826ರಲ್ಲಿ ಕಾಕಸಸ್ ಗಡಿರೇಖೆಯ, ಅಂದರೆ ರಷ್ಯದ ದಕ್ಷಿಣ ಗಡಿಯ ಕೋಟೆಸಾಲಿನ, ಪಡೆಗಳ ಹೊಣೆ ಅವನ ಹೆಗಲಿಗೆ ಬಂತು.

ನಿಮ್ಮ ಪ್ರಶ್ನೆಗೆ ಉತ್ತರವಿರುವುದು 1828 ಮತ್ತು 1829ರಲ್ಲಿ. 1828ರ ಅಕ್ಟೋಬರಿನಲ್ಲಿ ಎಲ್ಬ್ರುಸ್ ಬುಡದ ಕರಾಚಾಯ್ ಜನರನ್ನು ಅವನು ಯುದ್ಧದಲ್ಲಿ ಸೋಲಿಸಿ ರಷ್ಯಕ್ಕೆ ಅಧೀನ ಮಾಡಿದ. ಮರುವರ್ಷದ ಬೇಸಿಗೆಯಲ್ಲಿ ಪೀಟರ್ಸ್‌ಬರ್ಗ್ ವಿಜ್ಞಾನ ಅಕಾಡೆಮಿಯ ಕುಪ್ಫರ್, ಲೆನ್ಸ್ ಮೊದಲಾದ ವಿದ್ವಾಂಸರನ್ನು ಕರೆದುಕೊಂಡು ಅದೇ ಪರ್ವತಕ್ಕೆ ಹೊರಟ. ಜೊತೆಗೆ ಸುಮಾರು ಸಾವಿರ ಸೈನಿಕರು, ಎರಡು ಫಿರಂಗಿ. ಈ ವಿಜ್ಞಾನಯಾತ್ರೆ ದಂಡಯಾತ್ರೆಯ ಬೆನ್ನಿಗೇ ಬಂದದ್ದು ಎಂಬುದನ್ನು ಮರೆಯಬಾರದು.

ಮಾಲ್ಕಾ ನದಿಯ ಮೇಲ್ಭಾಗದ ಹುಲ್ಲುಗಾವಲಿನಲ್ಲಿ ಬೀಡು ಬಿಟ್ಟು, ತುದಿ ಮುಟ್ಟಿದವನಿಗೆ ಬಹುಮಾನವೆಂದು ಜನರಲ್ ಸಾರಿದ. ಹೊತ್ತೇರುತ್ತಿದ್ದಂತೆ ಹಿಮ ಮೆತ್ತಗಾಯಿತು, ಕಾಲು ಹೂತುಹೋಗತೊಡಗಿತು. ವಿದ್ವಾಂಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವರಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹೋದ ಲೆನ್ಸ್ ಕೂಡ ತುದಿ ಕಾಣದೆ ಮರಳಿದ. (ವಿದ್ಯುತ್ ಪಾಠದಲ್ಲಿ ಓದುವ ‘ಲೆನ್ಸ್ ನಿಯಮ’ ಇದೇ ಲೆನ್ಸ್‌ನದು!) ಕೆಳಗೆ ಬೀಡಿನಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟಿದ್ದ ಇಮ್ಯಾನುಯೆಲ್‌ಗೆ ಎಲ್ಬ್ರುಸ್‌ನ ಎರಡು ತುದಿಗಳಲ್ಲಿ ಒಂದಾದ ಪೂರ್ವ ಶಿಖರದ ಮೇಲೆ ಒಂಟಿ ಮನುಷ್ಯನೊಬ್ಬ ಕಂಡ. ಅವನು ಸ್ಥಳೀಯ ಮಾರ್ಗದರ್ಶಿ ಕಿಲ್ಲಾರ್ ಹಾಶಿರೊವ್. ಆ ದಿನ 1829ರ ಜುಲೈ 22. ಆಗಿನ ರಷ್ಯದ ಪಂಚಾಂಗದಲ್ಲಿ ಜುಲೈ 10. ಆ ಶಿಖರದ ಎತ್ತರ 5,621 ಮೀಟರ್.

ಕಿಲ್ಲಾರನಿಗೆ ನೂರು ಬೆಳ್ಳಿ ರೂಬಲ್ ಮತ್ತು ಅಂಗಿಗೆ ಬಟ್ಟೆ ಸಿಕ್ಕಿತು. ಕಾಕಸಸ್‌ನ ಕಬರ್ದಾ ಜನ, ಕರಾಚಾಯ್ ಜನ ಇಬ್ಬರೂ ಇಂದಿಗೂ ಅವನನ್ನು ನಮ್ಮವನೆಂದು ಹೇಳಿಕೊಳ್ಳುತ್ತಾರೆ. ಬಯಲಿಗೆ ಮಾತ್ರ ಜನರಲ್‌ನ ಹೆಸರು ಉಳಿಯಿತು. ಯಾತ್ರೆಯನ್ನು ಹೊರಡಿಸಿದವನು ಅವನು, ನಿಜ. ಆದರೂ ಅಲ್ಲಿ ಡೇರೆ ಹಾಕುವವರು ಕಿಲ್ಲಾರನ ಹೆಸರನ್ನೂ ತಿಳಿದಿರಬೇಕು ಎಂಬುದು ನನ್ನ ಆಸೆ.

ಇಮ್ಯಾನುಯೆಲ್ 1831ರಲ್ಲಿ ನಿವೃತ್ತನಾದ. 1837ರಲ್ಲಿ ಎಲಿಸಾವೆತ್‌ಗ್ರಾದ್‌ನಲ್ಲಿ, ಅಂದರೆ ಹಿಂದಿನ ತಲೆಮಾರಿನ ಸರ್ಬರು ಬಂದು ನೆಲೆಸಿದ್ದ ಆ ‘ನವ ಸರ್ಬಿಯಾ’ದ ಸೀಮೆಯಲ್ಲೇ, ತೀರಿಕೊಂಡ.