ಆಗತಾನೇ ಕೊಯ್ದ ಮಟನ್ ನೇರ ಫ್ರೀಜರಿಗೆ ಹಾಕಬೇಡಿ

ಹುಬ್ಬಳ್ಳಿ, ಗದಗ ಕಡೆಯ ಸಾವಜಿ ಖಾನಾವಳಿಗಳಲ್ಲಿ ಮಟನ್ ಗಟ್ಟಿ ಆಗಿದೆ ಅಂತ ಯಾರೂ ತಟ್ಟೆ ಸರಿಸುವುದು ನಾನಂತೂ ನೋಡಿಲ್ಲ. ಅಂಥದೇ ಮಟನ್ ಮನೆಗೆ ತಂದು, ಫ್ರೀಜರಿನಲ್ಲಿಟ್ಟು, ನಾಲ್ಕು ದಿನ ಬಿಟ್ಟು ಕುಕ್ಕರಿಗೆ ಹಾಕಿದರೆ ಎಷ್ಟು ಸೀಟಿ ಹೊಡೆಸಿದರೂ ಹಲ್ಲಿಗೆ ಬಗ್ಗುವುದಿಲ್ಲ. ಆಗ ಬೈಗುಳ ಬೀಳುವುದು ಅಂಗಡಿಯವನಿಗೆ. "ಮುದಿ ಕುರಿ ಕೊಟ್ಟಾನ ನೋಡ್ರಿ" ಅಂತ. ಒಮ್ಮೊಮ್ಮೆ ಅದು ನಿಜವೂ ಇರುತ್ತದೆ. ಆದರೆ ಎಳೆ ಕುರಿಯ ಮಾಂಸವನ್ನೂ ಗಟ್ಟಿ ಮಾಡುವ ವಿದ್ಯೆ ನಮ್ಮ ಫ್ರಿಜ್ಜಿಗೆ ಗೊತ್ತು.

ಕುರಿ ಸತ್ತ ಗಳಿಗೆಗೇ ಅದರ ಸ್ನಾಯು ಸಾಯುವುದಿಲ್ಲ. ಒಳಗೆ ಇನ್ನೂ ಕೆಲವು ತಾಸು ಕೆಲಸ ನಡೆದೇ ಇರುತ್ತದೆ. ಸ್ನಾಯುವಿನ ಎಳೆಗಳಲ್ಲಿ ಆಕ್ಟಿನ್, ಮಯೋಸಿನ್ ಅಂತ ಎರಡು ಪ್ರೋಟೀನು. ಎರಡು ಬಾಚಣಿಕೆಗಳನ್ನು ಎದುರುಬದುರು ಹಿಡಿದು ಹಲ್ಲಿನೊಳಗೆ ಹಲ್ಲು ತೂರಿಸಿದ ಹಾಗೆ ಇವು ಕೂತಿರುತ್ತವೆ. ಒಳಗೆ ಸರಿದರೆ ಸ್ನಾಯು ಕುಗ್ಗುತ್ತದೆ, ಹೊರಗೆ ಸರಿದರೆ ಸಡಿಲ. ಹಿಡಿದದ್ದನ್ನು ಬಿಡಿಸಿಕೊಳ್ಳಲು ಎಟಿಪಿ ಅನ್ನುವ ಇಂಧನ ಬೇಕು. ಉಸಿರು ನಿಂತ ಮೇಲೆ ಆಮ್ಲಜನಕ ಇಲ್ಲ. ಸ್ನಾಯು ಕೂಡಿಟ್ಟ ಗ್ಲೈಕೋಜೆನ್ ಅನ್ನುವ ಸಕ್ಕರೆಯ ದಾಸ್ತಾನು ಖರ್ಚಾಗಿ ಲ್ಯಾಕ್ಟಿಕ್ ಆಮ್ಲ ಆಗುತ್ತದೆ. ಮಾಂಸ ಹುಳಿಯಾಗುತ್ತದೆ, ಅಂದರೆ ಅದರ ಪಿಎಚ್ 7ರ ಆಸುಪಾಸಿನಿಂದ 5.5ರ ತನಕ ಇಳಿಯುತ್ತದೆ. ಎಟಿಪಿ ಪೂರ್ತಿ ಮುಗಿದಾಗ ಆ ಎರಡು ಪ್ರೋಟೀನು ಎಲ್ಲಿದ್ದವೋ ಅಲ್ಲೇ ಬಿಗಿದುಕೊಂಡು ನಿಲ್ಲುತ್ತವೆ. ಹೆಣ ಸೆಟೆದುಕೊಂಡಿತು ಅಂತೀವಲ್ಲ, ಅದು ಇದೇ. ಬಿಗಿಯುವ ಹೊತ್ತಿಗೆ ಸ್ನಾಯು ಎಷ್ಟು ಕುಗ್ಗಿತ್ತು ಅನ್ನುವುದರ ಮೇಲೆ ಮಾಂಸ ಎಷ್ಟು ಗಟ್ಟಿ ಅನ್ನುವುದು ನಿಂತಿದೆ.

ಇದು ಬೆಳಕಿಗೆ ಬಂದದ್ದು ನ್ಯೂಜಿಲೆಂಡಿನ ಕುರಿಗಳಿಂದ. ಆ ದೇಶ 1882ರಲ್ಲೇ 'ಡುನೆಡಿನ್' ಅನ್ನುವ ಹಡಗಿನಲ್ಲಿ ಹೆಪ್ಪುಗಟ್ಟಿಸಿದ ಮಾಂಸವನ್ನು ಇಂಗ್ಲೆಂಡಿಗೆ ಕಳಿಸಿತ್ತು. ಮುಂದೆ ತಂಪು ಮಾಡುವ ಯಂತ್ರಗಳು ಜೋರಾದವು, ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದು ಶುರುವಾಯಿತು. ಆಗ ಎಳೆ ಕುರಿಯ ಮಾಂಸವೇ ಗಟ್ಟಿ ಅಂತ ದೂರು ಬಂತು. 1963ರಲ್ಲಿ ಲಾಕರ್ ಮತ್ತು ಹ್ಯಾಗ್‌ಯಾರ್ಡ್ ಅನ್ನುವ ಅಲ್ಲಿನ ಇಬ್ಬರು ವಿಜ್ಞಾನಿಗಳು ಕಾರಣ ತೋರಿಸಿದರು. ಇವರು ಆಗತಾನೇ ಕೊಯ್ದ ದನದ ಸ್ನಾಯುವನ್ನು ಬೇರೆ ಬೇರೆ ಉಷ್ಣಾಂಶದಲ್ಲಿಟ್ಟು ಅಳೆದು ನೋಡಿದರು. 14ರಿಂದ 19 ಡಿಗ್ರಿಯಲ್ಲಿಟ್ಟದ್ದು ಎಲ್ಲಕ್ಕಿಂತ ಕಡಿಮೆ ಕುಗ್ಗಿತು. ಸೊನ್ನೆ ಡಿಗ್ರಿಯ ಹತ್ತಿರ ಇಟ್ಟದ್ದು ಹೆಚ್ಚುಕಡಿಮೆ ಅರ್ಧಕ್ಕೆ ಕುಗ್ಗಿತ್ತು! ತಂಪಿನಲ್ಲಿ ಎಲ್ಲ ನಿಧಾನ ಆಗಬೇಕು, ಇಲ್ಲಿ ಉಲ್ಟಾ. ಕಾರಣ ಕ್ಯಾಲ್ಸಿಯಂ. ಜೀವಕೋಶದೊಳಗೆ ಅದನ್ನು ಹಿಡಿದಿಡುವ ಚೀಲಗಳಿಗೆ ಚಳಿಯಲ್ಲಿ ಹಿಡಿತ ತಪ್ಪುತ್ತದೆ. ಕ್ಯಾಲ್ಸಿಯಂ ಹೊರಗೆ ಸೋರುತ್ತದೆ. ಸ್ನಾಯುವಿಗೆ ಅದೇ 'ಕುಗ್ಗು' ಅನ್ನುವ ಸೂಚನೆ. ಎಟಿಪಿ ಇನ್ನೂ ಉಳಿದಿರುವಾಗಲೇ ಮಾಂಸ 10 ಡಿಗ್ರಿಗಿಂತ ತಣ್ಣಗಾದರೆ ಈ ಕಾಟ.

ಎಷ್ಟು ಕುಗ್ಗಿದೆ ಅಂತ ಅಳೆಯುವ ರೀತಿ ನನಗೆ ಬಹಳ ಇಷ್ಟ. ಧಾರವಾಡದಲ್ಲಿ ಬಿಎಸ್ಸಿ ಫಿಸಿಕ್ಸ್ ಓದಿದವರಿಗೆ ಗ್ರೇಟಿಂಗ್ ಪ್ರಯೋಗ ನೆನಪಿರಬೇಕು. ಗ್ರೇಟಿಂಗ್ ಅಂದರೆ ಸಮ ಅಂತರದಲ್ಲಿ ಒತ್ತೊತ್ತಾಗಿ ಗೆರೆ ಎಳೆದ ಗಾಜು. ಅದರಲ್ಲಿ ಹಾದ ಬೆಳಕು ಅಕ್ಕಪಕ್ಕಕ್ಕೂ ಬಾಗಿ ಬೀಳುತ್ತದೆ, ಗೆರೆ ಒತ್ತಾದಷ್ಟೂ ಹೆಚ್ಚು ಬಾಗುತ್ತದೆ. ಸ್ನಾಯುವಿನ ಎಳೆಯೇ ಒಂದು ಗ್ರೇಟಿಂಗ್. ಅದರಲ್ಲಿ ಸಾರ್ಕೋಮಿಯರ್ ಅನ್ನುವ ಪಟ್ಟಿಗಳು ಸುಮಾರು 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲು) ಅಂತರದಲ್ಲಿ ಸಾಲಾಗಿರುತ್ತವೆ. ಬೇಕಾದದ್ದು ಒಂದು ಹೀಲಿಯಂ-ನಿಯಾನ್ ಲೇಸರ್.  ಅದರಿಂದ 632.8 ನ್ಯಾನೋಮೀಟರ್ ತರಂಗಾಂತರದ ಕೆಂಪು ಬೆಳಕು ಹೊರಡುತ್ತದೆ. ಕೂದಲಿನಂಥ ನಾಲ್ಕೆಳೆ ಮಾಂಸವನ್ನು ಗಾಜಿನ ಮೇಲೆ ಹರಡಿ ಆ ಬೆಳಕು ಹಾಯಿಸಿ, 10 ಸೆಂಟಿಮೀಟರ್ ಆಚೆ ಬಿಳಿ ಕಾಗದ ಹಿಡಿಯುತ್ತಾರೆ. ನಡುವೆ ಒಂದು ಚುಕ್ಕೆ, ಎರಡೂ ಕಡೆ ಕೆಂಪು ಗೆರೆ. ಸಾರ್ಕೋಮಿಯರ್ 2 ಮೈಕ್ರಾನ್ ಇದ್ದರೆ ಗೆರೆ ಚುಕ್ಕೆಯಿಂದ 3.3 ಸೆಂಟಿಮೀಟರ್ ದೂರ ಬೀಳುತ್ತದೆ. ಚಳಿಗೆ ಕುಗ್ಗಿ 1.3 ಮೈಕ್ರಾನ್ ಆಗಿದ್ದರೆ 5.6 ಸೆಂಟಿಮೀಟರ್. ಮಾಂಸ ಕುಗ್ಗಿದಷ್ಟೂ ಗೆರೆ ದೂರ ಹೋಗುತ್ತದೆ. ಬಾಯಿಗೆ ಹಾಕದೇ, ಒಂದು ಸ್ಕೇಲ್ ಇಟ್ಟುಕೊಂಡು ಮಟನ್ನಿನ ಜಾತಕ ಹೇಳಬಹುದು ಅಲ್ವಾ?

ಈಗ ಮಟನ್ ಅಂಗಡಿಗೆ ಬನ್ನಿ. ಕೊಕ್ಕೆಗೆ ತೂಗುಹಾಕಿದ ಕುರಿಯಲ್ಲಿ ಮಾಂಸ ಮೂಳೆಗೆ ಅಂಟಿಕೊಂಡಿರುತ್ತದೆ. ಕುಗ್ಗಬೇಕೆಂದರೂ ಮೂಳೆ ಪೂರ್ತಿ ಬಿಡುವುದಿಲ್ಲ. ಬೆನ್ನುಮೂಳೆಯ ಒಳಬದಿಯ ಮಾಂಸವಂತೂ ಹಿಂಗಾಲಿನಿಂದ ತೂಗುಹಾಕಿದಾಗ ಎಳೆದಂತಿರುತ್ತದೆ, ಅದು ಮೆತ್ತಗಿರಲು ಇದೂ ಒಂದು ಕಾರಣ. ನಾವು ಮಾಡುವುದೇನು? ಬೆಳಿಗ್ಗೆ ಕೊಯ್ದ ಕುರಿ, ಮುಟ್ಟಿದರೆ ಇನ್ನೂ ಬೆಚ್ಚಗಿರುತ್ತದೆ. "ಸಣ್ಣ ಪೀಸ್ ಮಾಡ್ರಿ" ಅಂತೀವಿ. ತುಂಡಾದ ಮೇಲೆ ಹಿಡಿಯುವ ಮೂಳೆ ಎಷ್ಟೋ ಕಡೆ ಇಲ್ಲ. ಮೇಲಾಗಿ ಸಣ್ಣ ತುಂಡು ಬೇಗ ತಣ್ಣಗಾಗುತ್ತದೆ. ಅದನ್ನು ಸೀದಾ ಫ್ರೀಜರಿಗೆ ತುರುಕುತ್ತೀವಿ. ಎಟಿಪಿ ಇರುವಾಗಲೇ ಹೆಪ್ಪುಗಟ್ಟಿದ ಮಾಂಸದ್ದು ಇನ್ನೂ ಕಷ್ಟ. ಕರಗುವಾಗ ಕ್ಯಾಲ್ಸಿಯಂ ಒಮ್ಮೆಲೇ ನುಗ್ಗಿ ಅದು ಮುದುಡಿಕೊಳ್ಳುತ್ತದೆ, ನೀರೂ ಸುರಿಯುತ್ತದೆ. ಆಡಿನ ಮಾಂಸಕ್ಕೆ ಈ ಭಯ ಜಾಸ್ತಿ. ಮೈ ಸಣ್ಣದು, ಮೇಲೆ ಕೊಬ್ಬಿನ ಹೊದಿಕೆ ತೆಳ್ಳಗೆ.

ಅಂದೇ ತಂದು ಅಂದೇ ಬೇಯಿಸುವ ಮನೆಗಳು ಈ ತಾಪತ್ರಯದಿಂದ ಪಾರು. ಇಡಲೇಬೇಕು ಅಂದರೆ ಮೂಳೆ ಸಮೇತ ದೊಡ್ಡ ತುಂಡಾಗಿಯೇ ತಂದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿಡಿ. ಮರುದಿನ ಕತ್ತರಿಸಿ, ಬೇಕಿದ್ದರೆ ಆಗ ಫ್ರೀಜರಿಗೆ ಹಾಕಿ. ಹಾಗಂತ ದಿನವಿಡೀ ಹೊರಗೆ ಇಡಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಕೆಟ್ಟೇ ಹೋಗುತ್ತದೆ.

ತಂಪಿನಲ್ಲಿಟ್ಟ ಮಾಂಸ ತಾನಾಗಿ ಮೆತ್ತಗೂ ಆಗುತ್ತದೆ. ಕ್ಯಾಲ್ಪೇನ್ ಅನ್ನುವ ಕಿಣ್ವಗಳು ಎಳೆಗಳನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಕೋಳಿಗೆ ಒಂದು ದಿನವೂ ಬೇಡ, ಕುರಿಗೆ ಸುಮಾರು ಒಂದು ವಾರ, ದನಕ್ಕೆ ಹತ್ತು ದಿನದ ಹತ್ತಿರ ಬೇಕು. ಈ ಕಿಣ್ವವನ್ನು ತಡೆಯುವ ಕ್ಯಾಲ್ಪಾಸ್ಟಾಟಿನ್ ಕೂಡ ಸ್ನಾಯುವಿನಲ್ಲೇ ಇದೆ. 1983ರಲ್ಲಿ ಅಮೆರಿಕದ ಒಕ್ಲಹೋಮದಲ್ಲಿ ದಪ್ಪ ಕುಂಡೆಯ ಒಂದು ಟಗರು ಹುಟ್ಟಿತು. ಹೆಸರು 'ಸಾಲಿಡ್ ಗೋಲ್ಡ್'. ಅದರ ವಂಶದಲ್ಲಿ ಮಾಂಸ ಜಾಸ್ತಿ, ಕೊಬ್ಬು ಕಡಿಮೆ. ಆದರೆ ಕ್ಯಾಲ್ಪಾಸ್ಟಾಟಿನ್ ಹೆಚ್ಚಿದ್ದರಿಂದ ಎಷ್ಟು ದಿನ ಇಟ್ಟರೂ ಬೆನ್ನಿನ ಮಾಂಸ ಮೆತ್ತಗಾಗಲಿಲ್ಲ. ಹೆಸರಿನಲ್ಲಷ್ಟೇ ಬಂಗಾರ.

ಮುದಿ ಕುರಿಯ ಕಥೆ ಬೇರೆ. ಅಲ್ಲಿ ತೊಂದರೆ ಕೊಡುವುದು ಎಳೆಗಳನ್ನು ಕಟ್ಟಿಹಾಕುವ ಕೊಲಾಜೆನ್. ವಯಸ್ಸಾದಂತೆ ಅದರ ಗಂಟುಗಳು ಗಟ್ಟಿಯಾಗುತ್ತವೆ. ಅದನ್ನು ಕರಗಿಸಿ ಮೆತ್ತಗಿನ ಜೆಲಟಿನ್ ಮಾಡಲು ನೀರು, ಬಿಸಿ, ಸಮಯ ಮೂರೂ ಬೇಕು. ಇಲ್ಲಿ ಕುಕ್ಕರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಪರಂಗಿಕಾಯಿ ಹಚ್ಚುವುದೂ ಸುಮ್ನೆ ಅಲ್ಲ. ಅದರ ಹಾಲಿನಲ್ಲಿರುವ ಪಪೇನ್ ಅನ್ನುವ ಕಿಣ್ವ 60-70 ಡಿಗ್ರಿಯಲ್ಲಿ ಚುರುಕು. ಆದರೆ ಒಳಗೆ ಇಳಿಯುವುದಿಲ್ಲ. ರಾತ್ರಿಯಿಡೀ ಹಚ್ಚಿಟ್ಟರೆ ಮೇಲೆ ಮುದ್ದೆ, ಒಳಗೆ ಹಾಗೇ.

ವಯಸ್ಸಾದವರ ಮನೆಯಲ್ಲಿ ಈ ಮೆತ್ತಗಿನ ವಿಷಯ ಬರೀ ರುಚಿಯದಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ದೊಡ್ಡವರಿಗೆ ಹೇಳುವ ಪ್ರೋಟೀನು ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ. ಅರವತ್ತೈದು ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕು ಅಂತ 2013ರಲ್ಲಿ ತಜ್ಞರ ಒಂದು ತಂಡ ಹೇಳಿತು. ಸ್ನಾಯು ಸವೆಯುವ ವಯಸ್ಸು ಅದು. ಅದೇ ವಯಸ್ಸಿನಲ್ಲಿ ಹಲ್ಲೂ ಹೋಗಿರುತ್ತವೆ. 2013ರಲ್ಲೇ ನೆದರ್ಲೆಂಡ್ಸಿನಲ್ಲಿ ಹತ್ತು ಜನ ವಯಸ್ಸಾದ ಗಂಡಸರಿಗೆ ಒಮ್ಮೆ 135 ಗ್ರಾಂ ದನದ ಮಾಂಸದ ತುಂಡು, ಇನ್ನೊಮ್ಮೆ ಅಷ್ಟೇ ಮಾಂಸದ ಖೈಮಾ ಕೊಟ್ಟು ರಕ್ತ ಪರೀಕ್ಷಿಸಿದರು. ಖೈಮಾ ತಿಂದಾಗ ಅಮೈನೋ ಆಮ್ಲಗಳು ಬೇಗ ರಕ್ತ ಸೇರಿದವು, ಮೈಯಲ್ಲಿ ಉಳಿದ ಪ್ರೋಟೀನೂ ಜಾಸ್ತಿ. ಮಟನ್ ಮುಟ್ಟದ ಅಜ್ಜಂದಿರಿಗೆ ಕಾಳಿನ ಪಲ್ಲೆ, ಮೊಸರು, ಶೇಂಗಾ ಚಟ್ನಿ ಇದ್ದೇ ಇವೆ. ತಿನ್ನುವ ಅಜ್ಜ ಮನೆಯಲ್ಲಿದ್ದರೆ, ಪೀಸ್ ಬದಲು ಖೈಮಾ ಮಾಡಿ ಬಡಿಸಿ.