ತೊಳೆದುಹೋಗುವ ಪರಿಮಳ, ಉಳಿದುಬಿಡುವ ಪರಿಮಳ

ಸೋಪು, ಕ್ರೀಮು, ಮೇಣದಬತ್ತಿಗಳಿಗೆ ಪರಿಮಳ ಕೂಡಿಸುವುದು ನನ್ನ ಕಸುಬು. ಹೀಗಾಗಿ ಪರಿಚಯದವರಲ್ಲಿ ಯಾರದೇ ಹುಟ್ಟುಹಬ್ಬ ಹತ್ತಿರ ಬಂದರೂ ನನಗೊಂದು ಫೋನು ಬರುತ್ತದೆ: "ನನ್ನ ಹತ್ತಿರ ಇಷ್ಟು ದುಡ್ಡಿದೆ, ಯಾವುದು ಕೊಡಲಿ ಹೇಳಿ." ದುಡ್ಡಿನ ಮಾತನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಕೇಳುವುದು ಬೇರೆಯದೇ. ಅವರು ದಿನಾ ಬಳಸುವ ಸೋಪು ಯಾವುದು? ಗಾಢ ವಾಸನೆಗೆ ತಲೆನೋವು ಬರುತ್ತದೆಯೇ? ಮನೆಯಲ್ಲಿ ಎಳೆಗೂಸು, ಬೆಕ್ಕು, ಉಬ್ಬಸ ಇರುವವರು ಇದ್ದಾರೆಯೇ? ಇವಕ್ಕೆ ಉತ್ತರ ಗೊತ್ತಿಲ್ಲ ಎಂದವರಿಗೆ, ಅವರ ಜೇಬು ಎಷ್ಟೇ ದೊಡ್ಡದಿರಲಿ, ನಾನು ಸೆಂಟಿನ ಬಾಟಲಿ ಹೇಳುವುದಿಲ್ಲ.

ಕಾರಣ ಸರಳ. ಸೋಪಿನ ಪರಿಮಳ ಮೈಮೇಲೆ ಇರುವುದು ಕೆಲವೇ ನಿಮಿಷ, ಆಮೇಲೆ ನೀರಿನೊಂದಿಗೆ ಹೋಗುತ್ತದೆ. ಮೇಣದಬತ್ತಿ ಹಿಡಿಸದಿದ್ದರೆ ಆರಿಸಿ ಕಿಟಕಿ ತೆರೆಯಬಹುದು. ಲೋಷನ್ ಹಚ್ಚಿಕೊಂಡರೆ ಅರ್ಧ ದಿನ ಅದರ ಜೊತೆಗೇ ಇರಬೇಕು. ಸೆಂಟು ಬಟ್ಟೆಗೆ ಹತ್ತಿದರೆ ಮರುದಿನವೂ ಬಿಡುವುದಿಲ್ಲ. ಎದುರಿನವರ ಮೂಗು ನಮಗೆ ಎಷ್ಟು ಕಡಿಮೆ ಗೊತ್ತೋ, ಅಷ್ಟು ಬೇಗ ತೊಳೆದುಹೋಗುವ ವಸ್ತುವನ್ನು ಆರಿಸಬೇಕು. ಬಜೆಟ್ ಲೆಕ್ಕ ಬರುವುದು ಇದರ ಮೇಲೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಜನ ದೊಡ್ಡದಾಗಿ ಕಾಣುವ ಗಿಫ್ಟ್ ಸೆಟ್ಟಿನ ಕಡೆ ವಾಲುತ್ತಾರೆ. ಬಾಡಿ ವಾಶ್, ಲೋಷನ್, ಸ್ಕ್ರಬ್, ಸ್ಪ್ರೇ, ಒಂದು ಜಾಲರಿ ಉಂಡೆ, ಮೇಲೊಂದು ರಿಬ್ಬನ್ನು. ಇಂಥ ಸೆಟ್ಟುಗಳಲ್ಲಿ ಸಾಮಾನ್ಯವಾಗಿ ಒಂದೇ ಪರಿಮಳದ ಮಿಶ್ರಣ ಎಲ್ಲ ಬಾಟಲಿಗೂ ಹೋಗಿರುತ್ತದೆ. ಅದು ಹಿಡಿಸದಿದ್ದರೆ ಇಡೀ ಪೆಟ್ಟಿಗೆ ಬಚ್ಚಲುಮನೆಯ ಮೂಲೆ ಸೇರುತ್ತದೆ. ಕೊಟ್ಟ ದುಡ್ಡಿನಲ್ಲಿ ಒಳ್ಳೆಯ ಪಾಲು ರಟ್ಟಿಗೂ ಪ್ಲಾಸ್ಟಿಕ್ಕಿಗೂ ಹೋಗಿರುತ್ತದೆ. ಅದೇ ಹಣಕ್ಕೆ ಒಂದೇ ಒಂದು ಅತ್ಯುತ್ತಮ ಸೋಪು ತನ್ನಿ ಎನ್ನುತ್ತೇನೆ. ಒಂದು ಸೋಪು ಕೊಟ್ಟರೆ ಕೈ ಗಿಡ್ಡವಾಯಿತೆಂದು ತಿಳಿಯುತ್ತಾರೇನೋ ಎಂಬ ಅಳುಕು ಬೇಡ. ಚೆನ್ನಾಗಿ ಮಾಡಿದ ಸೋಪು ಕೈಗೆ ಬಂದ ಕೂಡಲೇ ಅದರ ತೂಕ, ನುಣುಪು ಗೊತ್ತಾಗುತ್ತದೆ.

ಬಿಸಿ ಮಾಡದೆ ಎಣ್ಣೆಗೆ ಕ್ಷಾರ ಬೆರೆಸಿ ಮಾಡುವ ಸೋಪನ್ನು ಅಚ್ಚಿನಿಂದ ತೆಗೆದ ಮೇಲೆ 4ರಿಂದ 6 ವಾರ ಗಾಳಿಗೆ ಒಣಗಿಸುತ್ತಾರೆ. ಅವಸರಕ್ಕೆ ಬೇಗ ಮಾರಿದ ಸೋಪು ಮೆತ್ತಗಿರುತ್ತದೆ, ನೀರು ಬಿದ್ದರೆ ಬೇಗ ಕರಗುತ್ತದೆ. ಎಷ್ಟು ದಿನ ಒಣಗಿಸಿದ್ದು ಎಂದು ಕೇಳಿ. ನಿಜವಾಗಿ ಮಾಡುವವರು ತಕ್ಷಣ ಹೇಳುತ್ತಾರೆ. ಇನ್ನೊಂದು ಸಂಗತಿ: ಸೋಪು ಕ್ಷಾರಗುಣದ್ದು, ಅದರ ಪಿಎಚ್ 9ರಿಂದ 10ರ ಆಸುಪಾಸು. ಕಿತ್ತಳೆ, ನಿಂಬೆಯಂಥ ಹಗುರ ಪರಿಮಳಗಳು ಅದರಲ್ಲಿ ಬೇಗ ಮಂಕಾಗುತ್ತವೆ. ಲಾವಂಚ, ಪಚೋಲಿ (ಮಣ್ಣಿನ ಘಮದ ಒಂದು ಎಲೆ), ಗಂಧದಂಥ ಭಾರದ ಪರಿಮಳಗಳು ಕೊನೆಯ ಚೂರಿನವರೆಗೂ ನಿಲ್ಲುತ್ತವೆ.

ಇದೇ ಬಜೆಟ್ಟಿನಲ್ಲಿ ಸಣ್ಣ ಟ್ಯೂಬಿನ ಹ್ಯಾಂಡ್ ಕ್ರೀಮೂ ಒಳ್ಳೆಯದೇ, ಕೈಗೆ ಹಚ್ಚಿದ್ದನ್ನು ತೊಳೆದುಕೊಳ್ಳಬಹುದಲ್ಲ. ಬಾತ್ ಬಾಂಬ್ ಕೊಡುವುದಾದರೆ ಅವರ ಮನೆಯಲ್ಲಿ ಟಬ್ ಇದೆಯೇ ನೋಡಿಕೊಳ್ಳಿ. ಅದು ಟಬ್ಬಿನ ನೀರಿಗೆ ಹಾಕಿದರೆ ನೊರೆಯುಕ್ಕಿ ಕರಗುವ, ಅಡುಗೆ ಸೋಡಾ ಮತ್ತು ಸಿಟ್ರಿಕ್ ಆಮ್ಲದ ಉಂಡೆ, ತೇವದ ಗಾಳಿ ತಾಗಿದರೆ ಕೂತಲ್ಲೇ ಉಬ್ಬಿ ಬಿರುಕು ಬಿಡುತ್ತದೆ.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ನನ್ನ ಮೊದಲ ಸಲಹೆ ಮೇಣದಬತ್ತಿ. ಇದರ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಬತ್ತಿಯನ್ನೂ ತಪ್ಪಾಗಿ ಉರಿಸಿ ಕೆಡಿಸುವವರೇ ಹೆಚ್ಚು. ಮೇಣಕ್ಕೆ ಪರಿಮಳದ ಎಣ್ಣೆ ಸಾಮಾನ್ಯವಾಗಿ ಶೇ 6ರಿಂದ 10ರಷ್ಟು ಸೇರುತ್ತದೆ. ಅದಕ್ಕಿಂತ ಹೆಚ್ಚು ಸುರಿದರೆ ಮೇಣ ಹಿಡಿದಿಟ್ಟುಕೊಳ್ಳಲಾರದೆ ಎಣ್ಣೆ ಹನಿಹನಿಯಾಗಿ ಮೇಲೆ ಬೆವರುತ್ತದೆ, ಬತ್ತಿ ಸರಿಯಾಗಿ ಉರಿಯುವುದಿಲ್ಲ. ಅಂಗಡಿಯಲ್ಲಿ ಮುಚ್ಚಳ ತೆರೆದ ಕೂಡಲೇ ಮೂಗಿಗೆ ಹೊಡೆಯುವ ಬತ್ತಿ ಹಚ್ಚಿದಾಗಲೂ ಚೆನ್ನಾಗಿ ಘಮಿಸುತ್ತದೆ ಎನ್ನುವಂತಿಲ್ಲ. ತಣ್ಣಗಿನ ಪರಿಮಳ ಬೇರೆ, ಕಾದಾಗ ಹೊಮ್ಮುವ ಪರಿಮಳ ಬೇರೆ.

ಮೊದಲ ಸಲ ಹಚ್ಚಿದಾಗ ಮೇಲ್ಪದರದ ಮೇಣ ಲೋಟದ ಅಂಚಿನವರೆಗೂ ಕರಗುವಷ್ಟು ಹೊತ್ತು ಉರಿಯಲು ಬಿಡಬೇಕು. ಅಗಲದ ಒಂದೊಂದು ಇಂಚಿಗೆ ಸುಮಾರು ಒಂದೊಂದು ಗಂಟೆ ಎಂಬ ಲೆಕ್ಕವಿದೆ. ಅರ್ಧಕ್ಕೇ ಆರಿಸಿದರೆ ನಡುವೆ ಗುಳಿ ಬಿದ್ದು, ಮುಂದೆ ಪ್ರತಿಸಲವೂ ಅಷ್ಟೇ ಅಗಲಕ್ಕೆ ಕರಗುತ್ತಾ ಸುತ್ತಲಿನ ಮೇಣ ದಂಡವಾಗುತ್ತದೆ. ಹಚ್ಚುವ ಮುನ್ನ ಪ್ರತಿಬಾರಿ ನೂಲನ್ನು ಅರ್ಧ ಸೆಂಟಿಮೀಟರಿನಷ್ಟಕ್ಕೆ ಕತ್ತರಿಸಿದರೆ ಮಸಿ ಕಟ್ಟುವುದಿಲ್ಲ. ಒಂದೇ ಸಮನೆ 4 ಗಂಟೆಗಿಂತ ಹೆಚ್ಚು ಉರಿಸಬಾರದು. ಈ ಮೂರು ಮಾತುಗಳನ್ನು ನಿಮ್ಮ ಕೈಬರಹದಲ್ಲಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಅದು ರಿಬ್ಬನ್ನಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಸೆನ್ಶಿಯಲ್ ಆಯಿಲ್ (ಗಿಡಗಳಿಂದ ಇಳಿಸಿದ ಗಾಢ ಪರಿಮಳದ ಎಣ್ಣೆ) ಮತ್ತು ಅದನ್ನು ಕೋಣೆಯ ಗಾಳಿಗೆ ಹರಡುವ ವಿದ್ಯುತ್ ಡಿಫ್ಯೂಸರಿನ ಜೋಡಿ ಈಚೆಗೆ ಬಹಳ ಜನಪ್ರಿಯ. ಇಲ್ಲಿ ನಾನು ತುಂಬ ಕಟ್ಟುನಿಟ್ಟು. ಬೆಕ್ಕಿರುವ ಮನೆಗೆ ಟೀ ಟ್ರೀ ಎಣ್ಣೆ ಬೇಡವೇ ಬೇಡ, ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ಎಣ್ಣೆಗಳನ್ನು ಒಡೆದು ಹೊರಹಾಕುವ ಶಕ್ತಿ ತೀರಾ ಕಡಿಮೆ. ಎಳೆಮಕ್ಕಳ ಹತ್ತಿರ ನೀಲಗಿರಿ, ಪುದೀನ, ಕರ್ಪೂರದ ಎಣ್ಣೆಗಳನ್ನು ಬಳಸಬಾರದು, ಉಸಿರಾಟಕ್ಕೆ ತೊಂದರೆಯಾಗಬಹುದು. ಎಣ್ಣೆಯನ್ನು ತೆಳುಮಾಡದೆ ನೇರವಾಗಿ ಮೈಗೆ ಹಚ್ಚುವವರೂ ಇದ್ದಾರೆ, ಅದು ತಪ್ಪು. ಶೇ 1ರ ಮಿಶ್ರಣ ಎಂದರೆ 30 ಮಿಲಿ ಬೇರೆ ಎಣ್ಣೆಗೆ ಸುಮಾರು 6 ಹನಿ, ಅಷ್ಟೇ. ಬರ್ಗಮಾಟ್ ಎಂಬ ನಿಂಬೆಜಾತಿಯ ಹಣ್ಣಿನ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯಬಹುದು.

"ನೈಸರ್ಗಿಕ ಅಂತ ಬರೆದಿದೆಯಲ್ಲ, ಮತ್ತೇನು ಭಯ?" ಎಂದು ಕೇಳುತ್ತಾರೆ. ಲ್ಯಾವೆಂಡರಿನಲ್ಲಿರುವ ಲಿನಲೂಲ್, ಕಿತ್ತಳೆ ಸಿಪ್ಪೆಯ ಲಿಮೊನೀನ್ ಎರಡೂ ಪ್ರಕೃತಿಯವೇ. ಗಾಳಿಗೆ ತೆರೆದಿಟ್ಟು ಹಳತಾದರೆ ಅವೇ ಚರ್ಮಕ್ಕೆ ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ಇಂಥ 26 ಪರಿಮಳ ದ್ರವ್ಯಗಳ ಹೆಸರನ್ನು ಲೇಬಲ್ ಮೇಲೆ ಬರೆಯಲೇಬೇಕೆಂದು ಯುರೋಪಿಯನ್ ಒಕ್ಕೂಟ ಬಹಳ ಹಿಂದೆಯೇ ನಿಯಮ ಮಾಡಿತ್ತು, 2023ರಲ್ಲಿ ಆ ಪಟ್ಟಿ 80ನ್ನು ದಾಟಿತು. ಮೈಮೇಲೆ ಉಳಿಯುವ ವಸ್ತುವಿನಲ್ಲಿ ಶೇ 0.001ಕ್ಕಿಂತ, ತೊಳೆದುಹೋಗುವುದರಲ್ಲಿ ಶೇ 0.01ಕ್ಕಿಂತ ಹೆಚ್ಚಿದ್ದರೆ ಹೆಸರಿಸಬೇಕು. ನಾನು ಮೇಲೆ ಹೇಳಿದ ಭೇದ ಅಲ್ಲಿಯೂ ಇದೆ ನೋಡಿ, ಉಳಿಯುವುದಕ್ಕೆ ಹತ್ತು ಪಟ್ಟು ಬಿಗಿ.

ಧಾರಾಳವಾಗಿ ಖರ್ಚು ಮಾಡುವವರು ನೇರವಾಗಿ ಸೆಂಟಿಗೋ ಗುಲಾಬಿ ಎಣ್ಣೆಗೋ ಹೋಗುತ್ತಾರೆ. ಒಂದು ಕಿಲೋ ಗುಲಾಬಿ ಎಣ್ಣೆ ಇಳಿಸಲು ಮೂರು ನಾಲ್ಕು ಟನ್ ಪಕಳೆ ಬೇಕು. ಆದ್ದರಿಂದ ಅಗ್ಗದ ಬಾಟಲಿಯ ಮೇಲೆ "ಶುದ್ಧ ಗುಲಾಬಿ ಎಣ್ಣೆ" ಎಂದಿದ್ದರೆ ನಂಬಬೇಡಿ. ಕಾರ್ಖಾನೆಯಲ್ಲಿ ಮಾಡಿದ ಗುಲಾಬಿ ಪರಿಮಳವನ್ನು ಹಾಗೆಂದೇ ಹೇಳಿ ಮಾರಿದರೆ ನನಗೆ ಯಾವ ತಕರಾರೂ ಇಲ್ಲ, ನಾನೂ ಅದನ್ನು ಬಳಸುತ್ತೇನೆ. ಸೆಂಟಿನಲ್ಲಿ ಓ ದ ಟಾಯ್ಲೆಟ್ ಎಂದರೆ ಪರಿಮಳದ್ರವ್ಯ ಸುಮಾರು ಶೇ 5ರಿಂದ 15, ಓ ದ ಪರ್ಫ್ಯೂಮ್ ಶೇ 15ರಿಂದ 20, ಪರ್ಫ್ಯೂಮ್ ಅದಕ್ಕೂ ಮೇಲೆ. ಇದು ಸಾಂದ್ರತೆಯ ಲೆಕ್ಕ, ಗುಣಮಟ್ಟದ್ದಲ್ಲ. ಇಕ್ಕಟ್ಟಾದ ಕಚೇರಿಯಲ್ಲಿ ಕೂರುವವರಿಗೆ ಕಡಿಮೆ ಸಾಂದ್ರತೆಯದೇ ಹಿತ.

ನಿಮಗೆ ಹಿಡಿಸಿದ ಸೆಂಟು ಅವರಿಗೂ ಹಿಡಿಸಬೇಕೆಂದಿಲ್ಲ. ಇದು ರುಚಿಭೇದವಷ್ಟೇ ಅಲ್ಲ, ಮೂಗಿನ ಭೇದವೂ ಹೌದು. ನೇರಳೆ ಬಣ್ಣದ ವಯೊಲೆಟ್ ಹೂವಿನ ಘಮಕ್ಕೆ ಕಾರಣವಾದ ಬೀಟಾ ಅಯೊನೋನ್ ಕೆಲವರಿಗೆ ಹೂವಾಗಿ ಬಡಿದರೆ, ಒಂದು ವಂಶವಾಹಿಯ ವ್ಯತ್ಯಾಸದಿಂದ ಇನ್ನು ಕೆಲವರಿಗೆ ಹುಳಿ ವಾಸನೆಯಾಗಿ ತಟ್ಟುತ್ತದೆ. ಹಾಗಾಗಿ ಒಂದು ದೊಡ್ಡ ಬಾಟಲಿಯ ಬದಲು ಸಣ್ಣ ಸೀಸೆಗಳ ಸ್ಯಾಂಪಲ್ ಸೆಟ್ ಕೊಟ್ಟು, "ಇದರಲ್ಲಿ ನಿಮಗೆ ಹಿಡಿಸಿದ್ದನ್ನು ಹೇಳಿ, ಬಾಟಲಿ ನಾನು ತರುತ್ತೇನೆ" ಎನ್ನಿ. ನೀವೇ ಅಂಗಡಿಗೆ ಹೋಗಿ ಆರಿಸುವುದಾದರೆ ಕಾಗದದ ಪಟ್ಟಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಮೂಸಿ, ಮೊದಲ ಘಮ ಅಷ್ಟರಲ್ಲಿ ಆರಿಹೋಗಿ ನಿಜವಾದ ಮೈ ಕಾಣುತ್ತದೆ. ಮೂಗು ಸೋತಾಗ ಅಲ್ಲಿಟ್ಟಿರುವ ಕಾಫಿಬೀಜ ಮೂಸುವುದರಿಂದ ಬರಿಗಾಳಿಗಿಂತ ಹೆಚ್ಚಿನ ಲಾಭವಿಲ್ಲ. ಹೊರಗೆ ಬಂದು ನಾಲ್ಕು ಉಸಿರು ಎಳೆದುಕೊಳ್ಳಿ, ಸಾಕು.

ಇನ್ನೂ ಒಂದು ದಾರಿಯಿದೆ, ನನಗೆ ಅದೇ ಹೆಚ್ಚು ಇಷ್ಟ. ದೊಡ್ಡ ಮೊತ್ತವನ್ನು ಪರಿಮಳವೇ ಇಲ್ಲದ ವಸ್ತುವಿಗೆ ಹಾಕಿ: ದಪ್ಪನೆಯ ಮೆತ್ತನೆ ಟವೆಲ್, ಸ್ನಾನದ ನಿಲುವಂಗಿ. ಅದರ ಮಡಿಕೆಯೊಳಗೆ ಒಂದು ಸಣ್ಣ ಸೋಪಿಡಿ. ಸೋಪು ಹಿಡಿಸದಿದ್ದರೂ ಟವೆಲ್ ವರ್ಷಗಟ್ಟಲೆ ಬಳಕೆಯಾಗುತ್ತದೆ.

ಕೆಲವರಿಗೆ ಪರಿಮಳವನ್ನೇ ಬಿಡಬೇಕಾಗುತ್ತದೆ. ಬಸಿರಿನ ಮೊದಲ ತಿಂಗಳುಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ನಡುವೆ, ನಿನ್ನೆಯವರೆಗೆ ಪ್ರಿಯವಾಗಿದ್ದ ಘಮವೂ ಹೊಟ್ಟೆ ತೊಳೆಸಬಹುದು. ಒಬ್ಬರು ಹೀಗೆ ಚಿಕಿತ್ಸೆಯಲ್ಲಿದ್ದ ತಮ್ಮ ಅಕ್ಕನಿಗೆ ಮಲ್ಲಿಗೆಯ ಲೋಷನ್ ಕೇಳಿಕೊಂಡು ಬಂದಿದ್ದರು, ಅವಳಿಗೆ ಮೊದಲಿಂದಲೂ ಅದೇ ಇಷ್ಟ ಎಂದರು. ನಾನು ಪರಿಮಳ ಸೇರಿಸದ ಕ್ರೀಮು ಕೊಟ್ಟು ಕಳಿಸಿದೆ. ಕೊಳ್ಳುವಾಗ "ಅನ್‌ಸೆಂಟೆಡ್" ಎಂದಿರುವುದನ್ನು ತೆಗೆದುಕೊಳ್ಳಬೇಡಿ, ಮೂಲವಸ್ತುಗಳ ವಾಸನೆ ಮುಚ್ಚಲು ಅದರಲ್ಲೂ ಪರಿಮಳ ಸೇರಿಸಿರಬಹುದು. "ಫ್ರಾಗ್ರೆನ್ಸ್ ಫ್ರೀ" ಎಂದಿರುವುದನ್ನು ಹುಡುಕಿ ಎಂದೂ ಹೇಳಿದೆ. ಚಿಕಿತ್ಸೆ ಮುಗಿದ ಎಷ್ಟೋ ತಿಂಗಳ ಮೇಲೆ ಆ ಅಕ್ಕನೇ ತಮ್ಮನ ಜೊತೆ ಬಂದರು. ಮೇಜಿನ ಮೇಲಿದ್ದುದನ್ನೆಲ್ಲ ಒಂದೊಂದಾಗಿ ಎತ್ತಿ ಮೂಸಿದರು. ಮಲ್ಲಿಗೆಯನ್ನು ಪಕ್ಕಕ್ಕಿಟ್ಟು, ಲಾವಂಚದ ಸೋಪನ್ನು ಕೈಯಲ್ಲಿ ಹಿಡಿದುಕೊಂಡರು.